ಎದುರಿನ ಆಸನ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಹಿಂದೆ ಕೇಂದ್ರ ಕಾರಾಗೃಹವಿದ್ದ ಜಾಗದಲ್ಲಿ ಇಂದು ಒಂದು ಉದ್ಯಾನವಿದೆ. ಸೆರೆಮನೆ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ, ಅದನ್ನು ಫ್ರೀಡಂ ಪಾರ್ಕ್ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆದರು. ಕಾವಲು ಗೋಪುರವನ್ನೂ ಕೆಲವು ಬ್ಯಾರಕ್ಕುಗಳನ್ನೂ ಕೆಡವದೆ ಉಳಿಸಿದ್ದಾರೆ. ಬೆಳಗಿನ ಹೊತ್ತು ಅಲ್ಲಿ ನನ್ನಂಥ ವಯಸ್ಸಾದವರು ನಡೆದಾಡುತ್ತಾರೆ. ಹೊತ್ತೇರಿದಂತೆ ಒಂದು ಬದಿಯ ಶಾಮಿಯಾನದ ಕೆಳಗೆ ಯಾರಾದರೂ ಕುಳಿತು ಸರ್ಕಾರದ ವಿರುದ್ಧ ಘೋಷಣೆ ಕೂಗುತ್ತಾರೆ. ನಗರದಲ್ಲಿ ಪ್ರತಿಭಟನೆಗೆಂದು ಗೊತ್ತುಮಾಡಿರುವ ಸ್ಥಳ ಅದು. ಒಂದು ಕಾಲದಲ್ಲಿ ಸರ್ಕಾರವನ್ನು ವಿರೋಧಿಸಿದವರನ್ನು ಕೂಡಿಹಾಕಿದ್ದ ಆವರಣದಲ್ಲಿಯೇ ಈಗ ಸರ್ಕಾರವನ್ನು ವಿರೋಧಿಸಲು ಅವಕಾಶ. ಅಲ್ಲಿಗೆ ಹೋದಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಪಾರ್ಲಿಮೆಂಟರಿ ಪ್ರಜಾಪ್ರಭುತ್ವದಲ್ಲಿ ವಿರೋಧಪಕ್ಷದ ನಾಯಕನೆಂಬವನ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಸೆರೆಮನೆಯಿಂದ ಸದನದ ಎದುರು ಸಾಲಿನ ಆಸನದವರೆಗಿನ ಪ್ರಯಾಣ. ಈ ಹೊತ್ತು ನಿಮ್ಮೊಂದಿಗೆ ಆ ಪ್ರಯಾಣದ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ವಿರೋಧವನ್ನು ಕೇಳುವ ಪದ್ಧತಿ ನಮಗೆ ಹೊಸದಲ್ಲ. ನಮ್ಮ ಶಾಸ್ತ್ರಕಾರರು ತಮ್ಮ ಸಿದ್ಧಾಂತವನ್ನು ಸ್ಥಾಪಿಸುವ ಮುನ್ನ ಎದುರಾಳಿಯ ವಾದವನ್ನು ಪೂರ್ವಪಕ್ಷವೆಂದು ತಾವೇ ಎತ್ತಿ ಹೇಳುತ್ತಿದ್ದರು. ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿದವನ ಸಿದ್ಧಾಂತವೂ ದುರ್ಬಲವೆಂದೇ ಪಂಡಿತರು ಎಣಿಸುತ್ತಿದ್ದರು. ಆದರೆ ಪಂಡಿತರ ಸಭೆಯಲ್ಲಿ ಇದ್ದ ಈ ಮರ್ಯಾದೆ ರಾಜಸಭೆಯಲ್ಲಿ ಇರಲಿಲ್ಲ. ದ್ಯೂತಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಭೀಷ್ಮದ್ರೋಣರೇ ಉತ್ತರ ಕೊಡಲಾರದೆ ತಲೆ ತಗ್ಗಿಸಿದಾಗ, ಕೌರವರಲ್ಲಿಯೇ ಒಬ್ಬನಾದ ವಿಕರ್ಣನು ಎದ್ದು ನಿಂತು ಇದು ಅಧರ್ಮವೆಂದನು. ಕರ್ಣನು ಅವನನ್ನು ಹುಡುಗನೆಂದು ಹಳಿದು ಕೂರಿಸಿದನು. ವಿಕರ್ಣನಿಗೆ ಆ ಸಭೆಯಲ್ಲಿ ಆಸನವಿತ್ತು, ಅವನ ಮಾತಿಗೆ ಸ್ಥಾನವಿರಲಿಲ್ಲ. ವಿರೋಧಿಸುವವನ ಮಾತಿಗೆ ಒಂದು ಸ್ಥಾನವನ್ನು ನಿಯಮದಿಂದಲೇ ಗೊತ್ತುಮಾಡುವುದಕ್ಕೆ ಮನುಷ್ಯರಿಗೆ ಬಹಳ ಕಾಲ ಹಿಡಿಯಿತು.

ಆ ನಿಯಮ ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿಯೂ ಅದು ಸುಲಭವಾಗಿ ಬೆಳೆಯಲಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಾಜನ ಮಂತ್ರಿಗಳನ್ನು ವಿರೋಧಿಸುವುದಕ್ಕೂ ರಾಜನನ್ನೇ ವಿರೋಧಿಸುವುದಕ್ಕೂ ನಡುವಿನ ಗೆರೆ ಬಹಳ ತೆಳುವಾಗಿತ್ತು. ಅಧಿಕಾರ ಕಳೆದುಕೊಂಡವನು ಮನೆಗೆ ಹೋಗುವುದಕ್ಕಿಂತ ಸೆರೆಗೆ ಹೋಗುವ ಸಂಭವವೇ ಹೆಚ್ಚು. ಮುಂದೆ ಇಂಗ್ಲೆಂಡಿನ ಮೊದಲ ಪ್ರಧಾನಿಯೆಂದು ಹೆಸರಾದ ರಾಬರ್ಟ್ ವಾಲ್‌ಪೋಲ್‌ನನ್ನು 1712ರಲ್ಲಿ ಎದುರು ಪಕ್ಷದವರು ಲಂಡನ್ನಿನ ಟವರ್ ಸೆರೆಮನೆಗೆ ಕಳುಹಿಸಿದರು. ಮೂರು ವರ್ಷಗಳಲ್ಲಿ ಗಾಳಿ ತಿರುಗಿತು. ಅದೇ ಎದುರು ಪಕ್ಷದ ರಾಬರ್ಟ್ ಹಾರ್ಲಿ 1715ರಲ್ಲಿ ಅದೇ ಟವರನ್ನು ಸೇರಿದನು. ಅವನ ಸಹೋದ್ಯೋಗಿ ಬೋಲಿಂಗ್‌ಬ್ರೋಕ್ ಸಮುದ್ರ ದಾಟಿ ಫ್ರಾನ್ಸಿಗೆ ಓಡಿಹೋದನು. ಇಂದು ನೀನು, ನಾಳೆ ನಾನು ಎಂಬ ಈ ಆಟದಿಂದ ಯಾರಿಗೂ ಸುಖವಿಲ್ಲವೆಂಬ ಅರಿವು ಮೂಡಲು ಇನ್ನೂ ಒಂದೆರಡು ತಲೆಮಾರುಗಳು ಬೇಕಾದವು. ಅಧಿಕಾರ ಕಳೆದುಕೊಂಡವನು ಸೆರೆಗೂ ಹೋಗದೆ, ದೇಶವನ್ನೂ ಬಿಡದೆ, ಸದನದ ಎದುರು ಬೆಂಚಿನಲ್ಲಿ ಕುಳಿತು ತನ್ನ ಸರದಿಗಾಗಿ ಕಾಯಬಹುದೆಂಬುದು, ನನ್ನ ದೃಷ್ಟಿಯಲ್ಲಿ, ಉಗಿಯಂತ್ರಕ್ಕಿಂತ ದೊಡ್ಡ ಆವಿಷ್ಕಾರ.

ಎದುರು ಬೆಂಚು ಎಂಬುದು ಅಲ್ಲಿ ಬರಿಯ ಮಾತಲ್ಲ. ಕಾಮನ್ಸ್ ಸಭೆ ಬಹುಕಾಲ ಸೇರುತ್ತಿದ್ದುದು ಸೇಂಟ್ ಸ್ಟೀಫನ್ಸ್ ಎಂಬ ಹಳೆಯ ಪ್ರಾರ್ಥನಾಮಂದಿರದಲ್ಲಿ. ಅಲ್ಲಿ ಭಜನೆಯವರು ಎರಡು ಸಾಲಾಗಿ ಎದುರುಬದುರು ಕೂರುತ್ತಿದ್ದರು. ರಾಜಕಾರಣಿಗಳೂ ಹಾಗೆಯೇ ಕುಳಿತರು. ಮುಖ ನೋಡಿ ಜಗಳವಾಡುವ ಅಭ್ಯಾಸ ಅಲ್ಲಿ ಬೇರೂರಿತು. ಮುಖ ನೋಡಿ ಜಗಳವಾಡುವವರು ಬೆನ್ನಿಗೆ ಚೂರಿ ಹಾಕುವುದು ಸ್ವಲ್ಪ ಕಷ್ಟವೆಂದು ಕಾಣುತ್ತದೆ.

ಆ ಬೆಂಚಿಗೆ ಹೆಸರು ಬಂದದ್ದು ಒಂದು ಹಾಸ್ಯದಿಂದ. 1826ರಲ್ಲಿ ಜಾನ್ ಕ್ಯಾಮ್ ಹಾಬ್‌ಹೌಸ್ ಎಂಬ ಸದಸ್ಯ ಸದನದಲ್ಲಿ ಮಾತನಾಡುತ್ತ, ದೊರೆಯ ಮಂತ್ರಿಮಂಡಲ ಎನ್ನುವಂತೆಯೇ, ಎದುರಿಗಿದ್ದವರನ್ನು ದೊರೆಯ ವಿರೋಧಪಕ್ಷವೆಂದು ಕರೆದನು. ಸದನ ನಕ್ಕಿತು. ನಗು ಮುಗಿದ ಮೇಲೆ ಆ ಮಾತು ಉಳಿದುಕೊಂಡಿತು. ಏಕೆಂದರೆ ಅದರಲ್ಲಿ ಒಂದು ಗಹನವಾದ ಸತ್ಯವಿತ್ತು: ಮಂತ್ರಿಗಳನ್ನು ವಿರೋಧಿಸುವವರೂ ರಾಜ್ಯದ ಸೇವೆಯನ್ನೇ ಮಾಡುತ್ತಿದ್ದಾರೆ. ಸಾಹಿತ್ಯಾಸಕ್ತರಾದ ನಿಮಗೆ ಈ ಹಾಬ್‌ಹೌಸ್ ಅಪರಿಚಿತನಲ್ಲ. ಅವನು ಕವಿ ಬೈರನ್ನನ ಆಪ್ತಮಿತ್ರ, ಗ್ರೀಸ್ ತುರ್ಕಿಗಳ ಯಾತ್ರೆಯಲ್ಲಿ ಜೊತೆಗಿದ್ದವನು. ಅವನ ಜೀವನದ ಇನ್ನೊಂದು ಸಂಗತಿಯನ್ನು ಮಾತ್ರ ಹೆಚ್ಚು ಜನ ನೆನೆಯುವುದಿಲ್ಲ. 1819ರಲ್ಲಿ ಅವನು ಬರೆದ ಒಂದು ಕರಪತ್ರ ಕಾಮನ್ಸ್ ಸಭೆಯ ಹಕ್ಕಿಗೆ ಚ್ಯುತಿ ತಂದಿತೆಂದು ಸಭೆಯೇ ಅವನನ್ನು ನ್ಯೂಗೇಟ್ ಸೆರೆಮನೆಗೆ ಕಳುಹಿಸಿತು. ರಾಜನು ತೀರಿಕೊಂಡು ಆ ಪಾರ್ಲಿಮೆಂಟು ಮುಗಿಯುವವರೆಗೆ ಅವನು ಅಲ್ಲಿದ್ದನು. ಹೊರಬಂದ ಕೂಡಲೇ ಚುನಾವಣೆಯಲ್ಲಿ ಗೆದ್ದು ಅದೇ ಸಭೆಯನ್ನು ಪ್ರವೇಶಿಸಿದನು. ವಿರೋಧಪಕ್ಷಕ್ಕೆ ನಾಮಕರಣ ಮಾಡಿದವನು ಸೆರೆಮನೆಯಿಂದ ಬಂದವನಾಗಿದ್ದನೆಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ನಮ್ಮ ನಾಡಿನ ಕಥೆಗೆ ಬಂದಾಗ ಅದು ಬೇಕಾಗುತ್ತದೆ.

ಹೆಸರು ಬಂತು, ಸಂಬಳ ಬರಲು ಇನ್ನೂ ನೂರು ವರ್ಷ ಕಳೆಯಿತು. ವಿರೋಧಪಕ್ಷದ ನಾಯಕನಿಗೆ ಬೊಕ್ಕಸದಿಂದ ಸಂಬಳ ಕೊಡುವ ವಿಷಯದಲ್ಲಿ ಕೆನಡಾ ಮುಂದಿನ ಹೆಜ್ಜೆ ಇಟ್ಟಿತು, 1905ರಲ್ಲಿ. ಬ್ರಿಟನ್ 1937ರಲ್ಲಿ ಮಂತ್ರಿಗಳ ಸಂಬಳದ ಕಾಯಿದೆಯಲ್ಲಿಯೇ ಪ್ರಧಾನಿಗೆ ವರ್ಷಕ್ಕೆ 10,000 ಪೌಂಡು, ವಿರೋಧಪಕ್ಷದ ನಾಯಕನಿಗೆ 2,000 ಪೌಂಡು ಎಂದು ಗೊತ್ತುಮಾಡಿತು. ತನ್ನನ್ನು ಪ್ರತಿದಿನ ಟೀಕಿಸುವವನಿಗೆ ಸರ್ಕಾರವೇ ಸಂಬಳ ಕೊಡುವುದೆಂದರೆ ನಮ್ಮ ಹಳ್ಳಿಯವರು ನಕ್ಕಾರು. ಆದರೆ ಅದರ ಅರ್ಥ ಸರಳ. ಮಂತ್ರಿಯ ಕೆಲಸ ಎಷ್ಟು ಸಾರ್ವಜನಿಕವೋ ವಿರೋಧಿಸುವವನ ಕೆಲಸವೂ ಅಷ್ಟೇ ಸಾರ್ವಜನಿಕ. ಅವನು ತನ್ನ ಹೊಟ್ಟೆಪಾಡಿಗಾಗಿ ಸಿರಿವಂತರ ಬಾಗಿಲು ಕಾಯಬೇಕಾಗಬಾರದು. ಆ ಸಂಬಳವನ್ನು ಮೊದಲು ಪಡೆದವನು ಲೇಬರ್ ಪಕ್ಷದ ಅಟ್ಲಿ. 1945ರ ಚುನಾವಣೆಯಲ್ಲಿ ಅಟ್ಲಿ ಪ್ರಧಾನಿಯಾಗಿ, ಯುದ್ಧ ಗೆದ್ದುಕೊಟ್ಟ ಚರ್ಚಿಲ್ ಎದುರು ಬೆಂಚಿಗೆ ಹೋದನು. ಇದು ನಮಗೂ ಸಂಬಂಧಿಸಿದ ಸಂಗತಿ. ಭಾರತದ ಸ್ವಾತಂತ್ರ್ಯವನ್ನು ಜೀವಮಾನವೆಲ್ಲ ವಿರೋಧಿಸಿದ್ದ ಚರ್ಚಿಲ್, ಕಾಮನ್‌ವೆಲ್ತಿನೊಳಗಿನ ಡೊಮಿನಿಯನ್ ಪದವಿಯ ಏರ್ಪಾಡಾದರೆ ತನ್ನ ಪಕ್ಷ ಅಡ್ಡಿ ಮಾಡುವುದಿಲ್ಲವೆಂದು 1947ರ ಜೂನ್ 3ರಂದು ಸದನದಲ್ಲಿ ತಿಳಿಸಿದನು. ಜುಲೈ 4ರಂದು ಮಂಡಿತವಾದ ಮಸೂದೆ ಎರಡೂ ಸದನಗಳನ್ನು ದಾಟಿ ಜುಲೈ 18ರಂದು ದೊರೆಯ ಅಂಕಿತ ಪಡೆಯಿತು. ವಿರೋಧಪಕ್ಷದ ನಾಯಕನು ವಿರೋಧಿಸದೆ ಇರುವುದೂ ಕೆಲವು ಸಲ ಚರಿತ್ರೆಯಾಗುತ್ತದೆ.

ಇತ್ತ ಭಾರತದಲ್ಲಿ ವಿರೋಧವಿತ್ತು, ಆದರೆ ಎದುರಿನ ಆಸನದ ಅರ್ಥವೇ ಬೇರೆಯಾಗಿತ್ತು. ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿತೆಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಅಲ್ಲಿ ಪ್ರತಿನಿಧಿಗಳು ದಿವಾನರ ಮುಂದೆ ಕುಂದುಕೊರತೆಗಳನ್ನು ನಿವೇದಿಸಿಕೊಳ್ಳುತ್ತಿದ್ದರೇ ಹೊರತು ದಿವಾನರನ್ನು ಇಳಿಸುವ ಮಾತಿರಲಿಲ್ಲ. ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಮೋತಿಲಾಲ್ ನೆಹರೂ ಸ್ವರಾಜ್ಯ ಪಕ್ಷವನ್ನೂ, ಅನಂತರ ಭೂಲಾಭಾಯಿ ದೇಸಾಯಿ ಕಾಂಗ್ರೆಸ್ಸನ್ನೂ ಮುನ್ನಡೆಸಿ ಸರ್ಕಾರವನ್ನು ಎಷ್ಟೋ ಸಲ ಮತದಲ್ಲಿ ಸೋಲಿಸಿದರು. ಸೋತ ಸರ್ಕಾರ ಬೀಳುತ್ತಿರಲಿಲ್ಲ, ಗೆದ್ದವರು ಅಧಿಕಾರಕ್ಕೆ ಬರುತ್ತಿರಲಿಲ್ಲ. ಅಧಿಕಾರದ ಆಸೆಯಿಲ್ಲದ, ಆದ್ದರಿಂದ ಹೊಣೆಯ ಭಾರವೂ ಇಲ್ಲದ ವಿರೋಧ ಅದು. ಸ್ವಾತಂತ್ರ್ಯ ಬಂದಾಗ ವಿರೋಧಿಸಿ ಅಭ್ಯಾಸವಿದ್ದವರೆಲ್ಲ ಒಮ್ಮೆಲೇ ಸರ್ಕಾರದ ಕಡೆಗೆ ಹೋದರು. ಎದುರಿನ ಆಸನ ಬರಿದಾಯಿತು.

1952ರ ಮೊದಲ ಲೋಕಸಭೆಯಲ್ಲಿ ಚುನಾಯಿತ ಸ್ಥಾನಗಳು 489. ಅವುಗಳಲ್ಲಿ 364 ಕಾಂಗ್ರೆಸ್ಸಿನವು. ಎದುರಿಗಿದ್ದ ಪಕ್ಷಗಳಲ್ಲಿ ದೊಡ್ಡದಾದ ಕಮ್ಯೂನಿಸ್ಟ್ ಪಕ್ಷಕ್ಕೆ ಬಂದದ್ದು 16. ಸದನದ ಹತ್ತನೆಯ ಒಂದು ಭಾಗದಷ್ಟು ಸದಸ್ಯರಿಲ್ಲದ ಗುಂಪನ್ನು ಪಕ್ಷವೆಂದು ಮಾನ್ಯಮಾಡಲಾಗದೆಂದು ಮೊದಲ ಸಭಾಧ್ಯಕ್ಷ ಮಾವಳಂಕರ್ ತೀರ್ಮಾನಿಸಿದರು. ಹೀಗಾಗಿ ಹದಿನೇಳು ವರ್ಷಗಳ ಕಾಲ ಲೋಕಸಭೆಯಲ್ಲಿ ಮಾನ್ಯತೆ ಪಡೆದ ವಿರೋಧಪಕ್ಷದ ನಾಯಕನೇ ಇರಲಿಲ್ಲ. ಪದವಿ ಇರಲಿಲ್ಲವೆಂದ ಮಾತ್ರಕ್ಕೆ ನಾಯಕರು ಇರಲಿಲ್ಲವೆಂದಲ್ಲ. ಕಮ್ಯೂನಿಸ್ಟರ ಮುಂದಾಳು ಎ. ಕೆ. ಗೋಪಾಲನ್ ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವೂ ಸೆರೆಯಲ್ಲಿದ್ದವರು. ವಿಚಾರಣೆಯಿಲ್ಲದೆ ತಮ್ಮನ್ನು ಬಂಧನದಲ್ಲಿಟ್ಟದ್ದರ ವಿರುದ್ಧ ಅವರು ಹೂಡಿದ ಮೊಕದ್ದಮೆಯೇ 1950ರಲ್ಲಿ ಸುಪ್ರೀಂ ಕೋರ್ಟು ವೈಯಕ್ತಿಕ ಸ್ವಾತಂತ್ರ್ಯದ ವಿಷಯದಲ್ಲಿ ತೀರ್ಮಾನಿಸಿದ ಮೊದಲ ದೊಡ್ಡ ಮೊಕದ್ದಮೆ. ಅದರಲ್ಲಿ ಅವರಿಗೆ ಬಿಡುಗಡೆ ದೊರೆಯಲಿಲ್ಲ. ಎರಡು ವರ್ಷಗಳಲ್ಲಿ ಅವರು ಲೋಕಸಭೆಯಲ್ಲಿದ್ದರು. ಹಲವು ಚಿಕ್ಕ ಪಕ್ಷಗಳನ್ನು ಒಂದು ಗುಂಪಾಗಿ ಕೂಡಿಸಿದ್ದ ಶ್ಯಾಮಪ್ರಸಾದ ಮುಖರ್ಜಿಯವರು 1953ರ ಜೂನ್‌ನಲ್ಲಿ ಕಾಶ್ಮೀರದಲ್ಲಿ ಬಂಧನದಲ್ಲಿರುವಾಗಲೇ ತೀರಿಕೊಂಡರು. ಇಬ್ಬರ ತತ್ತ್ವಗಳೂ ಉತ್ತರ ದಕ್ಷಿಣ. ಸೆರೆಮನೆಯ ಬಾಗಿಲು ಮಾತ್ರ ಇಬ್ಬರಿಗೂ ಸಮಾನವಾಗಿ ತೆರೆದಿತ್ತು.

ಆ ಕಾಲದ ವಿರೋಧ ಎಣಿಕೆಯಿಂದಲ್ಲ, ಮಾತಿನ ಬಲದಿಂದ ನಿಂತಿತು. 1963ರ ಆಗಸ್ಟ್‌ನಲ್ಲಿ, ಚೀನಾ ಯುದ್ಧದ ಗಾಯ ಇನ್ನೂ ಹಸಿಯಾಗಿರುವಾಗ, ಆಚಾರ್ಯ ಕೃಪಲಾನಿಯವರು ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ಗೊತ್ತುವಳಿಯನ್ನು ಮಂಡಿಸಿದರು. ಗೊತ್ತುವಳಿಯ ಪರವಾಗಿ 62 ಮತ, ವಿರುದ್ಧ 347. ಸೋಲುವುದು ಮೊದಲೇ ನಿಶ್ಚಯ. ಆದರೂ ದಿನಗಟ್ಟಲೆ ಚರ್ಚೆ ನಡೆಯಿತು. ಆಗಷ್ಟೇ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ರಾಮಮನೋಹರ ಲೋಹಿಯಾ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆಂದರು. ಅಲ್ಲ, ಹದಿನೈದು ಆಣೆ ಎಂದು ನೆಹರೂ ಉತ್ತರ ಕೊಟ್ಟರು. ಮೂರೋ ಹದಿನೈದೋ ಎಂಬ ಲೆಕ್ಕ ಏನೇ ಇರಲಿ, ಬಡವನ ದಿನದ ಆಣೆಗಳನ್ನು ದೇಶದ ಪ್ರಧಾನಿ ಎದ್ದು ನಿಂತು ಎಣಿಸಬೇಕಾಗಿ ಬಂತು. ವಿರೋಧಪಕ್ಷದ ಕೆಲಸವೆಂದರೆ ಇದೇ. ಅದು ಸರ್ಕಾರವನ್ನು ಬೀಳಿಸದಿದ್ದರೂ ಸರ್ಕಾರದಿಂದ ಲೆಕ್ಕ ಹೇಳಿಸುತ್ತದೆ.

ಇಲ್ಲಿ ನಮ್ಮವರೇ ಆದ ಶಾಂತವೇರಿ ಗೋಪಾಲಗೌಡರನ್ನು ನೆನೆಯದೆ ಮುಂದೆ ಹೋಗಲಾರೆ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹದಲ್ಲಿದ್ದವರು ಅವರು. ಆ ಸತ್ಯಾಗ್ರಹಕ್ಕೆಂದು ಬಂದ ಲೋಹಿಯಾರನ್ನೂ ಆಗ ಬಂಧಿಸಲಾಯಿತು. ಮರುವರ್ಷ ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ಅವರು ಎಂದೂ ಮಂತ್ರಿಯಾಗಲಿಲ್ಲ. ಉಳುವವನಿಗೆ ಭೂಮಿ ಸಿಗಲಿ ಎಂದರು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಡಿ ಎಂದರು. 1972ರ ಜೂನ್‌ನಲ್ಲಿ ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1974ರಲ್ಲಿ ಭೂಸುಧಾರಣೆಯ ಕಾಯಿದೆ ಜಾರಿಗೆ ಬಂತು. ಎರಡನ್ನೂ ಮಾಡಿದ್ದು ಅವರು ವಿರೋಧಿಸುತ್ತ ಬಂದಿದ್ದ ಪಕ್ಷದ ಸರ್ಕಾರ. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡನ ಹಿಂದೆ ಇವರ ನೆರಳಿದೆಯೆಂದು ಓದಿದವರೆಲ್ಲ ಬಲ್ಲರು. ವಿರೋಧಪಕ್ಷದವನು ಬಿತ್ತುತ್ತಾನೆ, ಕೊಯ್ಯುವವರು ಬೇರೆ. ಕೊಯ್ಲಿನ ದಿನ ಬಿತ್ತಿದವನ ಹೆಸರನ್ನು ಹೇಳುವಷ್ಟು ಸೌಜನ್ಯ ನಮ್ಮಲ್ಲಿರಬೇಕು.

ಲೋಕಸಭೆಯಲ್ಲಿ ಎದುರಿನ ಆಸನ ಕೊನೆಗೂ ತುಂಬಿದ್ದು 1969ರ ಡಿಸೆಂಬರ್‌ನಲ್ಲಿ. ಅದೂ ವಿಚಿತ್ರವಾದ ರೀತಿಯಲ್ಲಿ. ಚುನಾವಣೆಯಲ್ಲಿ ಯಾರೂ ಅದನ್ನು ಗೆಲ್ಲಲಿಲ್ಲ, ಆಳುವ ಕಾಂಗ್ರೆಸ್ಸೇ ಒಡೆದು ಎರಡಾಯಿತು. ಒಡೆದು ಹೊರಬಂದ ಭಾಗದ ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿಯೂ ಶ್ಯಾಮನಂದನ ಮಿಶ್ರ ರಾಜ್ಯಸಭೆಯಲ್ಲಿಯೂ ವಿರೋಧಪಕ್ಷದ ಮೊದಲ ಮಾನ್ಯ ನಾಯಕರಾದರು. ಎರಡನೆಯ ಹೆಸರನ್ನು ನೆನಪಿಡಿ. ಅವರನ್ನು ನಾವು ಇನ್ನೊಮ್ಮೆ ಬೆಂಗಳೂರಿನಲ್ಲಿ ಕಾಣಲಿದ್ದೇವೆ.

1975ರ ಜೂನ್ ತಿಂಗಳು. ಪಕ್ಷಾಂತರ ನಿಷೇಧದ ಮಸೂದೆಯನ್ನು ಪರಿಶೀಲಿಸುತ್ತಿದ್ದ ಪಾರ್ಲಿಮೆಂಟಿನ ಸಮಿತಿಯೊಂದರ ಸಭೆ ಬೆಂಗಳೂರಿನಲ್ಲಿ ನಡೆಯುವುದಿತ್ತು. ಅದಕ್ಕಾಗಿ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ ಮತ್ತು ಅದೇ ಶ್ಯಾಮನಂದನ ಮಿಶ್ರ, ಈ ನಾಲ್ವರನ್ನು ಜೂನ್ 26ರ ಬೆಳಿಗ್ಗೆ ಪೊಲೀಸರು ಬಂಧಿಸಿದರು. ಹಿಂದಿನ ರಾತ್ರಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಗಿತ್ತು. ಪಾರ್ಲಿಮೆಂಟಿನ ಕೆಲಸಕ್ಕೆಂದು ಬಂದವರು ಬೆಂಗಳೂರಿನ ಕೇಂದ್ರ ಕಾರಾಗೃಹವನ್ನು ಸೇರಿದರು. 1972ರಿಂದ ನಮ್ಮ ವಿಧಾನಸಭೆಯಲ್ಲಿ ವಿರೋಧಪಕ್ಷದ ನಾಯಕರಾಗಿದ್ದ ಎಚ್. ಡಿ. ದೇವೇಗೌಡರೂ ಆ ಕಾಲದಲ್ಲಿ ಅದೇ ಸೆರೆಮನೆಯ ವಾಸ ಕಂಡವರು. ಆಡ್ವಾಣಿಯವರು ಅಲ್ಲಿ ದಿನಚರಿ ಬರೆದರು. ವಾಜಪೇಯಿ ಬಂಧನದ ದಿನಗಳಲ್ಲಿ ಪದ್ಯ ಕಟ್ಟಿದರು. ನಾಯಕರೇನೋ ಹೊರಗೆ ಬಂದರು, ಆದರೆ ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ‘ಸಂಸ್ಕಾರ’ ಚಲನಚಿತ್ರದ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಅದೇ ಸೆರೆಮನೆಯಲ್ಲಿ ಆರೋಗ್ಯ ಕಳೆದುಕೊಂಡು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಪ್ರಾಣಬಿಟ್ಟರು. ಫ್ರೀಡಂ ಪಾರ್ಕಿನ ಮರಗಳ ನೆರಳಿನಲ್ಲಿ ನಡೆಯುವಾಗ ಇದು ನೆನಪಾಗುತ್ತದೆ.

1977ರ ಮಾರ್ಚ್‌ನಲ್ಲಿ ಜನ ಮತ ಕೊಟ್ಟರು. ಸೆರೆಯಲ್ಲಿದ್ದವರು ಮಂತ್ರಿಗಳಾದರು. ಇದೇ ಆಕಾಶವಾಣಿಯ ಮೇಲ್ವಿಚಾರಣೆ ಆಡ್ವಾಣಿಯವರ ಪಾಲಿಗೆ ಬಂತು. ಕಾಂಗ್ರೆಸ್ಸು 154 ಸ್ಥಾನಗಳೊಂದಿಗೆ ಮೊದಲ ಬಾರಿಗೆ ಎದುರು ಸಾಲಿನಲ್ಲಿ ಕುಳಿತಿತು. ಆಗ ಆ ಸರ್ಕಾರ ಏನು ಮಾಡಿತು? ಸೇಡಿಗೆ ಅವಕಾಶವಿತ್ತು, ಕಾರಣವೂ ಇತ್ತು. ಆದರೆ ಅದು ಪಾರ್ಲಿಮೆಂಟಿನಲ್ಲಿ ವಿರೋಧಪಕ್ಷದ ನಾಯಕರ ಸಂಬಳ ಮತ್ತು ಭತ್ಯೆಗಳ ಕಾಯಿದೆಯನ್ನು ತಂದಿತು. ಅದರ ಫಲವಾಗಿ ಸಂಪುಟ ಸಚಿವರಿಗೆ ಸಮನಾದ ಸ್ಥಾನಮಾನ ಪಡೆದು ಆ ಆಸನದಲ್ಲಿದ್ದವರು ಯಶವಂತರಾವ್ ಚವಾಣರು. ತುರ್ತುಪರಿಸ್ಥಿತಿಯ ಸಂಪುಟದಲ್ಲಿ ವಿದೇಶಾಂಗ ಮಂತ್ರಿಯಾಗಿದ್ದವರು. ನಮ್ಮನ್ನು ಸೆರೆಗೆ ಕಳುಹಿಸಿದ ಸರ್ಕಾರದ ಮಂತ್ರಿಗೆ ನಾವೇ ಸಂಬಳ, ಮನೆ, ಗೌರವ ಕೊಡುತ್ತೇವೆ ಎಂದು ಸೆರೆಯಿಂದ ಬಂದವರು ಹೇಳಿದಂತಾಯಿತು. ಟವರಿನ ಆಟ ಇಲ್ಲಿಗೆ ಮುಗಿಯಿತೆಂದು ಭಾವಿಸಿದವರಲ್ಲಿ ನಾನೂ ಒಬ್ಬ.

ಆದರೆ ಮನುಷ್ಯನ ಮನಸ್ಸು ಕಾಯಿದೆಯಷ್ಟು ಬೇಗ ಬದಲಾಗುವುದಿಲ್ಲ. ಅನ್ಯರದ್ದಿರಲಿ, ನನ್ನದೇ ಸಂಗತಿಯನ್ನು ಹೇಳುತ್ತೇನೆ.

1978ರಲ್ಲಿ ನಾನು ಚಿಕ್ಕಮಗಳೂರಿನಲ್ಲಿ ಉಪಾಧ್ಯಾಯನಾಗಿದ್ದೆ. ವಯಸ್ಸು ಇಪ್ಪತ್ತೈದು. ಆ ನವೆಂಬರ್‌ನ ಉಪಚುನಾವಣೆಯನ್ನು ನಿಮ್ಮಲ್ಲಿ ಹಿರಿಯರಾದವರು ಮರೆತಿರಲಾರರು. ಇಂದಿರಾಗಾಂಧಿಯವರು ನಮ್ಮ ಕ್ಷೇತ್ರದಿಂದ ನಿಂತರು, ವೀರೇಂದ್ರ ಪಾಟೀಲರು ಎದುರಾಳಿ. ನಾನು ಪಾಟೀಲರಿಗೆ ಮತ ಹಾಕಿದೆ. ತುರ್ತುಪರಿಸ್ಥಿತಿಯಲ್ಲಿ ನಮ್ಮ ಬಳಗದ ಒಬ್ಬರು ಸೆರೆಗೆ ಹೋಗಿ ಬಂದಿದ್ದರು, ಆ ಸಿಟ್ಟು ನನ್ನಲ್ಲಿತ್ತು. ಇಂದಿರಾ ಅವರು ಗೆದ್ದರು. ಒಂದೂವರೆ ತಿಂಗಳು ತುಂಬುವ ಮೊದಲೇ, ಡಿಸೆಂಬರ್ 19ರಂದು, ಹಿಂದೆ ಪ್ರಧಾನಿಯಾಗಿದ್ದಾಗ ಸದನದ ಹಕ್ಕಿಗೆ ಚ್ಯುತಿ ತಂದರೆಂಬ ಕಾರಣಕ್ಕೆ ಲೋಕಸಭೆ ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆಯಲ್ಲಿಡಲು ತೀರ್ಮಾನಿಸಿತು. ಅವರನ್ನು ತಿಹಾರ್ ಸೆರೆಮನೆಗೆ ಕರೆದೊಯ್ದರು. ವಿರೋಧಪಕ್ಷದ ನಾಯಕರ ಮಾನ್ಯ ಪದವಿಯಲ್ಲಿ ಆಗ ಅವರದೇ ಪಕ್ಷದ ಸಿ. ಎಂ. ಸ್ಟೀಫನ್ ಇದ್ದರು. ಆದರೆ ವಿರೋಧದ ನಿಜವಾದ ನಾಯಕಿ ಯಾರೆಂಬುದು ಎಲ್ಲರಿಗೂ ಗೊತ್ತಿತ್ತು.

ಸುದ್ದಿ ರೇಡಿಯೋದಲ್ಲಿ ಬಂದಾಗ ನಾನು ಹೋಟೆಲಿನಲ್ಲಿದ್ದೆ. ನನಗೆ ಸಂತೋಷ ತಡೆಯಲಾಗಲಿಲ್ಲ. ಮೇಜಿನ ಸುತ್ತ ಇದ್ದವರಿಗೆಲ್ಲ ನನ್ನ ಲೆಕ್ಕದಲ್ಲಿ ಕಾಫಿ ತರಿಸಿದೆ. ನಮ್ಮ ಜೊತೆಯಲ್ಲಿ ನಿವೃತ್ತರಾದ ಒಬ್ಬ ಹೆಡ್‌ಮಾಸ್ಟರರಿದ್ದರು. ಅವರೂ ನನ್ನಂತೆಯೇ ಪಾಟೀಲರಿಗೆ ಮತ ಹಾಕಿದವರು. ಮುಂದೆ ಬಂದ ಕಾಫಿಯನ್ನು ಅವರು ಮುಟ್ಟಲಿಲ್ಲ.

“ಏಕೆ ಸಾರ್, ನಿಮಗೆ ಸಂತೋಷವಾಗಲಿಲ್ಲವೇ?” ಎಂದೆ.

“ಸಂತೋಷದ ವಿಷಯ ಆಮೇಲೆ ನೋಡೋಣ, ಮೇಷ್ಟ್ರೇ. ಆಯಮ್ಮ ನಿಮ್ಮ ಮತದಿಂದ ಹೋದವರಲ್ಲ, ನನ್ನ ಮತದಿಂದಲೂ ಹೋದವರಲ್ಲ. ಆದರೆ ಈ ಜಿಲ್ಲೆಯ ಜನ ಕಳಿಸಿದ್ದರು. ನಾಳೆಯಿಂದ ಆ ಸಭೆಯಲ್ಲಿ ಚಿಕ್ಕಮಗಳೂರಿನ ಪರವಾಗಿ ಬಾಯಿ ಬಿಡುವವರು ಯಾರು?” ಎಂದರು.

ನಾನು ತಪ್ಪಿಗೆ ಶಿಕ್ಷೆ ಬೇಡವೇ ಎಂದು ವಾದಿಸಿದೆ. “ತಪ್ಪಿದ್ದರೆ ಕೋರ್ಟಿದೆ, ಕೋರ್ಟು ವಿಚಾರಿಸಲಿ. ಎದುರು ಕುಳಿತವರನ್ನು ಎದುರು ಕುಳಿತವರೇ ಕೈ ಎತ್ತಿ ಸೆರೆಗೆ ಕಳಿಸುವುದಾದರೆ ಆ ಕೈ ಎಂದಿಗೂ ಇಳಿಯುವುದಿಲ್ಲ” ಎಂದು ಹೇಳಿ ಎದ್ದು ಹೋದರು. ತಣ್ಣಗಾದ ಅವರ ಕಾಫಿಗೂ ನಾನೇ ದುಡ್ಡು ಕೊಟ್ಟೆ.

ಆ ರಾತ್ರಿ ನನಗೆ ಅವರ ಮೇಲೆ ಕೋಪ ಬಂದಿತ್ತು. ಅವರ ಮಾತಿನ ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಹಾಬ್‌ಹೌಸನ ಕಥೆಯನ್ನು ಓದುವಾಗ. ನೂರೈವತ್ತೊಂಬತ್ತು ವರ್ಷಗಳ ಹಿಂದೆ, ಅದೇ ಡಿಸೆಂಬರ್ ತಿಂಗಳಲ್ಲಿ, ಅದೇ ಹಕ್ಕುಚ್ಯುತಿಯ ಆರೋಪದ ಮೇಲೆ, ಸದನವೇ ನ್ಯಾಯಾಧೀಶನಾಗಿ ಅವನನ್ನು ಸೆರೆಗೆ ಕಳುಹಿಸಿತ್ತು. ಜನ ಅವನನ್ನು ಕೂಡಲೇ ಆರಿಸಿ ಕಳುಹಿಸಿದ್ದರು. ಇಲ್ಲಿಯೂ ಹಾಗೆಯೇ ಆಯಿತು. ಇಂದಿರಾ ಅವರು ಒಂದು ವಾರದಲ್ಲಿ ಹೊರಬಂದರು, 1980ರಲ್ಲಿ ಪ್ರಧಾನಿಯಾಗಿ ಮರಳಿದರು. 1981ರಲ್ಲಿ ಹೊಸ ಲೋಕಸಭೆ ಹಳೆಯ ಉಚ್ಚಾಟನೆಯ ತೀರ್ಮಾನವನ್ನು ರದ್ದುಪಡಿಸಿತು. ಎದುರಿನ ಆಸನಕ್ಕೆ ಸಂಬಳ ಗೊತ್ತುಮಾಡಿದ ಸರ್ಕಾರವೇ ಮರುವರ್ಷ ಆ ಆಸನದ ಅರ್ಥವನ್ನು ಮರೆಯಿತು. ಅದರ ಜೊತೆ ನಾನೂ ಮರೆತಿದ್ದೆ, ಕಾಫಿ ಹಂಚಿದ್ದೆ. ಅಧಿಕಾರದಲ್ಲಿರುವವರನ್ನು ದೂಷಿಸುವಾಗಲೆಲ್ಲ ನಾನು ಆ ಕಾಫಿಯನ್ನು ನೆನೆಸಿಕೊಳ್ಳುತ್ತೇನೆ.

ಅನಂತರದ ಕಥೆಯನ್ನು ಬೇಗ ಹೇಳಿಬಿಡಬಹುದು. 1980ರಿಂದ 1989ರವರೆಗೆ ಯಾವ ಪಕ್ಷಕ್ಕೂ ಹತ್ತನೆಯ ಒಂದು ಭಾಗ ದಕ್ಕದೆ ಆಸನ ಮತ್ತೆ ಬರಿದಾಗಿತ್ತು. 1989ರಲ್ಲಿ, ಸೋತ ಪ್ರಧಾನಿ ರಾಜೀವ ಗಾಂಧಿಯವರೇ ಅದರಲ್ಲಿ ಕುಳಿತರು. 1996ರಲ್ಲಿ ಲೋಕಸಭೆ ಒಂದು ಅಪೂರ್ವ ದೃಶ್ಯವನ್ನು ಕಂಡಿತು. ಪ್ರಧಾನಿಯಾಗಿ ದೇವೇಗೌಡರು ಒಂದು ಕಡೆ, ವಿರೋಧಪಕ್ಷದ ನಾಯಕರಾಗಿ ವಾಜಪೇಯಿಯವರು ಇನ್ನೊಂದು ಕಡೆ. ಬೆಂಗಳೂರಿನ ಒಂದೇ ಸೆರೆಮನೆಯ ಅನ್ನ ಉಂಡವರು ಇಬ್ಬರೂ ಎದುರುಬದುರಾಗಿದ್ದರು. ಇಬ್ಬರೂ ಪರಸ್ಪರ ಕಟುವಾಗಿ ವಿರೋಧಿಸಿದರು, ಯಾರೂ ಯಾರನ್ನೂ ಸೆರೆಗೆ ಕಳುಹಿಸಲಿಲ್ಲ. ಮಾತಿನಿಂದ ಏರಿದರು, ಮತದಿಂದ ಇಳಿದರು. ಟವರಿನಿಂದ ಹೊರಟ ಪ್ರಯಾಣ ಆ ದಿನ ಗುರಿ ಮುಟ್ಟಿದ್ದಂತೆ ನನಗೆ ತೋರಿತು.

2014ರಲ್ಲಿ ಕಾಂಗ್ರೆಸ್ಸಿಗೆ 44, 2019ರಲ್ಲಿ 52 ಸ್ಥಾನಗಳು ಬಂದವು. 543ರ ಸದನದಲ್ಲಿ ಬೇಕಾದದ್ದು 55. ಹತ್ತು ವರ್ಷ ಆಸನ ಮತ್ತೊಮ್ಮೆ ಖಾಲಿ. ಅವುಗಳಲ್ಲಿ ಮೊದಲ ಐದು ವರ್ಷ ಕಾಂಗ್ರೆಸ್ಸಿನ ಗುಂಪನ್ನು ನಡೆಸಿದವರು ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು. ಇದು ಬರಿಯ ಗೌರವದ ಪ್ರಶ್ನೆಯಾಗಿರಲಿಲ್ಲ. ಲೋಕಪಾಲರನ್ನು ಆರಿಸುವ ಸಮಿತಿಯಲ್ಲಿ ವಿರೋಧಪಕ್ಷದ ನಾಯಕನಿರಬೇಕೆಂದು 2013ರ ಕಾಯಿದೆ ಹೇಳುತ್ತದೆ. ನಾಯಕನೇ ಇಲ್ಲವಾದರೆ ಏನು ಮಾಡಬೇಕು? 2018ರಲ್ಲಿ ಸರ್ಕಾರ ಖರ್ಗೆಯವರನ್ನು ವಿಶೇಷ ಆಹ್ವಾನಿತರೆಂದು ಕರೆಯಿತು. ಮತವಿಲ್ಲದ ಆಸನ ತಮಗೆ ಬೇಡವೆಂದು ಅವರು ನಿರಾಕರಿಸಿದರು. 2024ರಲ್ಲಿ ಕಾಂಗ್ರೆಸ್ಸಿಗೆ 99 ಸ್ಥಾನಗಳು ಬಂದು, ಜೂನ್‌ನಲ್ಲಿ ರಾಹುಲ್ ಗಾಂಧಿಯವರು ಮಾನ್ಯ ನಾಯಕರಾದರು.

ಹತ್ತನೆಯ ಒಂದು ಎಂಬ ಅಳತೆ 1977ರ ಕಾಯಿದೆಯಲ್ಲಿಲ್ಲ. ಎದುರು ಪಕ್ಷಗಳಲ್ಲಿ ದೊಡ್ಡ ಪಕ್ಷದ ನಾಯಕ, ಸಭಾಧ್ಯಕ್ಷರು ಮಾನ್ಯಮಾಡಿದವನು, ಎಂದಷ್ಟೇ ಅದು ಹೇಳುತ್ತದೆ. ಮಾನ್ಯಮಾಡುವ ಮನಸ್ಸಿನದೇ ಪ್ರಶ್ನೆ. 2015ರಲ್ಲಿ ದೆಹಲಿ ವಿಧಾನಸಭೆಯ 70 ಸ್ಥಾನಗಳಲ್ಲಿ ಆಮ್ ಆದ್ಮಿ ಪಕ್ಷ 67ನ್ನು ಗೆದ್ದು, ಎದುರಿಗೆ ಬಿಜೆಪಿಯ ಮೂವರೇ ಉಳಿದರು. ಆ ಮೂವರಲ್ಲಿ ಒಬ್ಬರನ್ನು ವಿರೋಧಪಕ್ಷದ ನಾಯಕರೆಂದು ಅಲ್ಲಿ ಮಾನ್ಯಮಾಡಿದರು. ದೊಡ್ಡ ಗೆಲುವು ಕಂಡವರು ಎಣಿಕೆಯ ಹಿಂದೆ ಅವಿತುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಅದೊಂದು ಉದಾಹರಣೆ. ಹಿಂದೆ ಮಾನ್ಯತೆ ಕೊಡದವರು ಮುಂದೆ ತಾವೇ ಅದನ್ನು ಕೇಳಬೇಕಾದ ಉದಾಹರಣೆಗಳು ಎಲ್ಲ ಪಕ್ಷಗಳಲ್ಲಿಯೂ ಇವೆ.

ಎದುರಿನ ಆಸನದಲ್ಲಿ ಕುಳಿತವರಿಗೂ ಒಂದು ಮಾತು ಹೇಳದೆ ಹೋದರೆ ನಾನು ಪಕ್ಷಪಾತಿಯಾದೇನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನಮ್ಮಲ್ಲಿದೆ. ಸರ್ಕಾರ ಏರಿಗೆ ಎಳೆದುದರಿಂದಲೇ ತಾನು ನೀರಿಗೆ ಎಳೆಯಬೇಕೆಂದು ಎಣಿಸುವ ವಿರೋಧ ವಿರೋಧವಲ್ಲ, ಮೊಂಡುತನ. ಸದನದ ಅಂಗಳಕ್ಕೆ ನುಗ್ಗಿ ಕೂಗಿದಾಗ ಕಳೆದುಹೋಗುವುದು ಸರ್ಕಾರದ ಸಮಯವಲ್ಲ, ಪ್ರಶ್ನೆ ಕೇಳುವವರ ಸಮಯ. ಸದನ ನಡೆಯದ ದಿನ ಸರ್ಕಾರ ಯಾರಿಗೂ ಲೆಕ್ಕ ಹೇಳಬೇಕಾಗಿಲ್ಲವಷ್ಟೆ. ನಾಳೆ ತಾನೇ ಆಳಬೇಕಾದೀತೆಂಬ ಎಚ್ಚರದಿಂದ ಮಾತನಾಡುವುದು ವಿರೋಧಪಕ್ಷದ ಧರ್ಮ, ನಾಳೆ ತಾನೇ ಅಲ್ಲಿ ಕೂರಬೇಕಾದೀತೆಂಬ ಎಚ್ಚರದಿಂದ ಕೇಳಿಸಿಕೊಳ್ಳುವುದು ಆಳುವ ಪಕ್ಷದ ಧರ್ಮ.

ಆ ಹೆಡ್‌ಮಾಸ್ಟರರು ಈಗಿಲ್ಲ. ಅವರು ಯಾವ ಪಕ್ಷಕ್ಕೂ ಸೇರಿದವರಾಗಿರಲಿಲ್ಲ. ತಮಗೆ ಬೇಡದವರಿಗೂ ಬಾಯಿ ಇರಬೇಕೆಂದು ಬಯಸಿದವರು. ಅಂಥವರು ಊರಿಗೆ ಒಬ್ಬೊಬ್ಬರಿದ್ದರೆ ಎದುರಿನ ಆಸನ ಕಾಯಿದೆಯಿಲ್ಲದೆಯೂ ಉಳಿದೀತು, ಇಲ್ಲದಿದ್ದರೆ ಕಾಯಿದೆಯಿದ್ದೂ ಉಳಿಯದು. ಫ್ರೀಡಂ ಪಾರ್ಕಿನಲ್ಲಿ ನಡೆದಾಡುವಾಗ ಆ ಶಾಮಿಯಾನದ ಕೆಳಗಿನ ಘೋಷಣೆ ನನ್ನ ಕಿವಿಗೆ ಬೀಳುತ್ತದೆ. ಕೆಲವು ಸಲ ಅದು ನನಗೆ ಒಪ್ಪಿಗೆಯಾಗುತ್ತದೆ, ಅನೇಕ ಸಲ ಆಗುವುದಿಲ್ಲ. ಒಪ್ಪಿಗೆಯಾಗದ ದಿನ ಸ್ವಲ್ಪ ಹೆಚ್ಚು ಹೊತ್ತು ನಿಂತು ಕೇಳುತ್ತೇನೆ. 1978ರಲ್ಲಿ ಉಳಿದುಹೋದ ಸಾಲವನ್ನು ಹೀಗೆ ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತಿದ್ದೇನೆ.